ಬಾಡಿಗೆ ಮನೆಗೂ ಒಂದು ಅಂದ ಬೇಡವೇ?

‘ಸ್ವಂತ ಮನೆ ಆಗಲಿ, ಆಮೇಲೆ ನೋಡೋಣ.’

ಬಾಡಿಗೆ ಮನೆಗಳಲ್ಲಿ ಬೆಳೆದ ನನ್ನಂಥವರೆಲ್ಲ ಈ ಮಾತು ಕೇಳಿಕೊಂಡೇ ದೊಡ್ಡವರಾದವರು. ಕಿಟಕಿಗೆ ಒಳ್ಳೆಯ ಪರದೆ ಬೇಕೆಂದರೆ ಸ್ವಂತ ಮನೆ ಆಗಲಿ. ಪುಸ್ತಕ ಇಡಲು ಒಂದು ಶೆಲ್ಫ್ ಬೇಕೆಂದರೆ ಸ್ವಂತ ಮನೆ ಆಗಲಿ. ಗೋಡೆಗೊಂದು ಫೋಟೊ, ಬಾಗಿಲ ಬಳಿ ಎರಡು ಹೂವಿನ ಗಿಡ, ಹಾಲ್‌ಗೆ ಒಂದು ಒಳ್ಳೆಯ ದೀಪ, ಎಲ್ಲಕ್ಕೂ ಉತ್ತರ ಒಂದೇ. ನಮ್ಮ ಮನೆಯಲ್ಲಿ ಇದು ಬಾಗಲಕೋಟೆ ಕಡೆಯ ಮಾತಿನಲ್ಲಿ ಬರುತ್ತದೆ. ‘ಮಂದಿ ಮನಿಗೆ ಯಾಕ ರೊಕ್ಕ ಸುರೀಬೇಕು? ನಮ್ಮದು ಅಂತ ಒಂದ್ ಮನಿ ಆಗ್ಲಿ, ತಡಿ’ ಎನ್ನುತ್ತಾರೆ ಅಪ್ಪ.

ನನಗೀಗ ಇಪ್ಪತ್ತು ವರ್ಷ. ಸಿವಿಲ್ ವಿಭಾಗದಲ್ಲಿ ಬಿ.ಇ. ಓದುತ್ತಿದ್ದೇನೆ. ಊರು ಬಿಟ್ಟು ಬೆಂಗಳೂರಿಗೆ ಬಂದ ಮೇಲೆ ನಾವು ಬದಲಿಸಿದ ಮನೆಗಳು ಐದು. ಸ್ವಂತ ಮನೆ ಇನ್ನೂ ಆಗಿಲ್ಲ. ಆಗುವುದಿಲ್ಲ ಎಂದು ಹೇಳುವಷ್ಟು ನಿರಾಶಾವಾದಿ ನಾನಲ್ಲ. ಆದರೆ ಒಂದು ಪ್ರಶ್ನೆ ಕಾಡುತ್ತದೆ. ಆ ಮನೆ ಆಗುವ ಹೊತ್ತಿಗೆ ನನಗೆ ಮೂವತ್ತೈದಾಗಿದ್ದರೆ? ನಾನು ಕೆಲಸಕ್ಕೆಂದು ಬೇರೆ ಊರು ಸೇರಿದ್ದರೆ? ಅವ್ವನಿಗೆ ಕುಂಡಕ್ಕೆ ನೀರು ಹಾಕಲು ಬಗ್ಗಲಾಗದಷ್ಟು ಮಂಡಿನೋವು ಬಂದಿದ್ದರೆ? ಆಗ ಪರದೆ ಹಾಕಿ ಯಾರು ನೋಡಬೇಕು?

ಅದಕ್ಕೇ ಈ ಲೇಖನ. ನಾವು ಇವತ್ತು ಮಲಗಿ ಏಳುವ ಮನೆಯೇ ನಮ್ಮ ಮನೆ. ಬಾಡಿಗೆಯದ್ದಾಗಲಿ, ಭೋಗ್ಯದ್ದಾಗಲಿ, ಅದಕ್ಕೊಂದು ಅಂದ ಬೇಕು. ಅದಕ್ಕೆ ದೊಡ್ಡ ಹಣ ಬೇಕಿಲ್ಲ ಎಂಬುದು ನನ್ನ ವಾದ.

ನಮ್ಮ ಲೇಔಟಿನ ಕಥೆ

ನಾವಿರುವುದು ಕೆಂಗೇರಿ ಉಪನಗರದ ಆಚೆ, ಮೈಸೂರು ರಸ್ತೆಯಿಂದ ಸ್ವಲ್ಪ ಒಳಕ್ಕೆ. ಬೆಂಗಳೂರಿನ ಅಂಚಿನ ಯಾವ ಬಡಾವಣೆಗೆ ಹೋದರೂ ಇದೇ ಚಿತ್ರ. ಒಂದು ಮೂವತ್ತು–ನಲವತ್ತರ ಸೈಟು, ಅದರ ಮೇಲೆ ಮೂರು ಅಂತಸ್ತು. ಒಂದರಲ್ಲಿ ಓನರು, ಉಳಿದವುಗಳಲ್ಲಿ ಬಾಡಿಗೆಯವರು. ಪಕ್ಕದ ಕಟ್ಟಡಕ್ಕೂ ನಮ್ಮದಕ್ಕೂ ನಡುವೆ ಎರಡು ಮೂರು ಅಡಿ ಜಾಗ. ನನ್ನ ಕೋಣೆಯ ಕಿಟಕಿ ತೆರೆದರೆ ಕಾಣುವುದು ಪಕ್ಕದ ಮನೆಯ ಗೋಡೆ ಮತ್ತು ಅವರ ಬಚ್ಚಲಿನ ಪೈಪು.

2021ರ ಆಗಸ್ಟ್‌ನಲ್ಲಿ ನೇರಳೆ ಮಾರ್ಗದ ಮೆಟ್ರೊ ಕೆಂಗೇರಿಗೆ ಬಂತು. 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದವರೆಗೂ ಹೋಯಿತು. ನನಗೆ ಕಾಲೇಜಿಗೆ, ಪೇಟೆಗೆ ಹೋಗುವುದು ಸಲೀಸಾಯಿತು. ಜೊತೆಗೆ ನಮ್ಮ ಬೀದಿಯಲ್ಲಿ ‘ಟು ಲೆಟ್’ ಬೋರ್ಡಿನ ಕೆಳಗೆ ಬರೆಯುವ ಬಾಡಿಗೆಯೂ ಏರಿತು. ಮಂಡ್ಯ, ಹಾಸನ, ರಾಯಚೂರು, ಕಲಬುರಗಿ, ಆಂಧ್ರ, ಬಿಹಾರ, ನೇಪಾಳ ಎಂದು ಎಲ್ಲೆಲ್ಲಿಂದಲೋ ಬಂದವರು ಈ ಬೀದಿಯಲ್ಲಿದ್ದಾರೆ. ಕುಂಬಳಗೋಡಿನ ಕಾರ್ಖಾನೆಗಳಿಗೆ ಹೋಗುವವರು, ಗಾರ್ಮೆಂಟ್ಸ್‌ಗೆ ಹೋಗುವವರು, ಕ್ಯಾಬ್ ಓಡಿಸುವವರು ಎಲ್ಲರೂ ಇದ್ದಾರೆ. ಬಹುಪಾಲು ಜನ ಹನ್ನೊಂದು ತಿಂಗಳ ಕರಾರಿನ ಮೇಲೆ ಇರುವವರು.

ಹನ್ನೊಂದೇ ತಿಂಗಳು ಯಾಕೆ ಎಂದು ನನಗೆ ಬಹಳ ದಿನ ಕುತೂಹಲವಿತ್ತು. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಹನ್ನೊಂದು ತಿಂಗಳಿಗೆ ನಿಲ್ಲಿಸುತ್ತಾರೆ. ಒಂದು ಕಾಗದದ ಅನುಕೂಲಕ್ಕಾಗಿ ಹುಟ್ಟಿದ ಈ ಲೆಕ್ಕ ನಮ್ಮ ಬದುಕಿನ ಲೆಕ್ಕವೂ ಆಗಿಬಿಟ್ಟಿದೆ. ‘ಹನ್ನೊಂದು ತಿಂಗಳಿಗೆ ಯಾಕೆ ಇಷ್ಟೆಲ್ಲ?’ ಎಂದುಕೊಂಡೇ ಒಂದೊಂದು ಮನೆಯಲ್ಲಿ ನಾಲ್ಕು ನಾಲ್ಕು ವರ್ಷ ಕಳೆಯುತ್ತೇವೆ. ಬಿಚ್ಚದ ರಟ್ಟಿನ ಪೆಟ್ಟಿಗೆ ಅಟ್ಟದ ಮೇಲೆ ಹಾಗೇ ಇರುತ್ತದೆ. ಅದನ್ನು ಹಾಗೇ ಎತ್ತಿ ಮುಂದಿನ ಮನೆಯ ಅಟ್ಟಕ್ಕೆ ಇಡುತ್ತೇವೆ.

ಮುಂದೂಡಿದ್ದರ ಬೆಲೆ

ಇದರಿಂದ ಏನು ನಷ್ಟ ಎಂದು ನೀವು ಕೇಳಬಹುದು. ನನಗೆ ಕಂಡ ಎರಡು ನಷ್ಟಗಳನ್ನು ಹೇಳುತ್ತೇನೆ.

ಒಂದು, ಮನೆಗೆ ಯಾರನ್ನೂ ಕರೆಯುವುದಿಲ್ಲ. ಪಿಯುಸಿಯಲ್ಲಿದ್ದಾಗ ಗೆಳೆಯರೆಲ್ಲ ಒಬ್ಬರ ಮನೆಯಲ್ಲಿ ಒಬ್ಬರು ಸೇರಿ ಓದುತ್ತಿದ್ದರು. ನಮ್ಮ ಮನೆಯ ಸರದಿ ಬಂದಾಗ ನಾನು ಲೈಬ್ರರಿಗೆ ಹೋಗೋಣ ಎನ್ನುತ್ತಿದ್ದೆ. ಮನೆ ಚಿಕ್ಕದು ಎಂಬುದು ಕಾರಣವಲ್ಲ. ಪೆಟ್ಟಿಗೆ, ಪ್ಲಾಸ್ಟಿಕ್ ಕುರ್ಚಿ, ತಲೆಯ ಮೇಲೆ ಒಂದು ಬಿಳಿ ಟ್ಯೂಬ್‌ಲೈಟು. ರೈಲ್ವೆ ನಿಲ್ದಾಣದ ನಿರೀಕ್ಷಣಾ ಕೊಠಡಿಯಂತೆ ಕಾಣುತ್ತಿತ್ತು. ನನ್ನ ಜೊತೆಯವರನ್ನು ಕೇಳಿನೋಡಿದ್ದೇನೆ. ಹೀಗೆ ಗೆಳೆಯರನ್ನು ಬಾಗಿಲ ಹೊರಗೇ ನಿಲ್ಲಿಸಿ ಮಾತನಾಡಿಸಿ ಕಳಿಸಿದವರು ನಾನೊಬ್ಬನೇ ಅಲ್ಲ.

ಇನ್ನೊಂದು ಅವ್ವನ ಟ್ರಂಕು. ಅದರಲ್ಲಿ ಅಜ್ಜಿ ಹೊಲಿದ ಎರಡು ಕೌದಿ ಇವೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಸೂಜಿಯಲ್ಲಿ ಸಾಲಾಗಿ ಹೊಲಿಗೆ ಹಾಕಿದ ಹೊದಿಕೆ. ಗುಳೇದಗುಡ್ಡದ ಖಣದ ಬಟ್ಟೆಗಳಿವೆ. ಅವ್ವನ ಮದುವೆಯ ಕಾಲದ ಇಳಕಲ್ ಸೀರೆ ಇದೆ. ಒಡಲು ಸವೆದು ಉಡಲು ಬಾರದಂತಾಗಿದ್ದರೂ ಕೆಂಪು ಸೆರಗಿನ ಮೇಲಿನ ಬಿಳಿ ತೆನೆಗಳು ಇನ್ನೂ ಹೊಳೆಯುತ್ತವೆ. ಇವೆಲ್ಲ ‘ಸ್ವಂತ ಮನೆಗೆ’ ಎಂದು ನುಸಿಗುಳಿಗೆ ಹಾಕಿ ಇಟ್ಟವು. ಹನ್ನೆರಡು ವರ್ಷಗಳಿಂದ ಕತ್ತಲಲ್ಲಿವೆ. ಇವತ್ತು ಇಂಥದೇ ಕೌದಿಯನ್ನು ಕರಕುಶಲ ಮಳಿಗೆಯಲ್ಲಿ ಸಾವಿರಾರು ರೂಪಾಯಿ ಕೊಟ್ಟು ಕೊಂಡು, ಸೋಫಾದ ಮೇಲೆ ಹಾಸಿ ಫೋಟೊ ಹಾಕುವವರಿದ್ದಾರೆ. ಅದನ್ನು ಹೊಲಿದವಳ ಮಗಳ ಮನೆಯಲ್ಲಿ ಅದು ಟ್ರಂಕಿನ ತಳದಲ್ಲಿದೆ!

ಬಡವರ ಗೋಡೆ ಎಂದೂ ಬೋಳಾಗಿರಲಿಲ್ಲ

ಮನೆಯನ್ನು ಸಿಂಗರಿಸುವುದು ಹಣವಿದ್ದವರ ಶೋಕಿ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನಮ್ಮ ನಾಡಿನ ಹಳ್ಳಿಮನೆಗಳನ್ನೇ ನೋಡಿ. ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆಯೇ ಹಿನ್ನೆಲೆ. ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಬೀಜ, ಕುಂಚಕ್ಕೆ ಪುಂಡಿಯ ನಾರು. ಅಂಗಡಿಯಿಂದ ತಂದದ್ದು ಒಂದೂ ಇಲ್ಲ. ಆ ಗೆರೆಗಳ ಅಚ್ಚುಕಟ್ಟು ನೋಡಿದರೆ ನಮ್ಮ ಎಂಜಿನಿಯರಿಂಗ್ ಡ್ರಾಯಿಂಗ್ ಶೀಟು ನಾಚಬೇಕು.

ನಮ್ಮೂರಿನಲ್ಲಿ ಹಬ್ಬ ಬಂತೆಂದರೆ ಗೋಡೆಗೆ ಸುಣ್ಣ, ಕೆಳಗೆ ಕೆಮ್ಮಣ್ಣಿನ ಪಟ್ಟಿ, ಹೊಸ್ತಿಲಿಗೆ ರಂಗೋಲಿ. ಸುಣ್ಣದ ವಿಷಯವನ್ನು ತರಗತಿಯಲ್ಲಿ ಓದಿದಾಗ ನನಗೆ ಖುಷಿಯಾಗಿತ್ತು. ಗೋಡೆಗೆ ಬಳಿದ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಅಂದರೆ ಸುಣ್ಣದ ಕಲ್ಲೇ ಆಗುತ್ತದೆ. ಕ್ಷಾರ ಗುಣದಿಂದಾಗಿ ಬೂಸ್ಟು ಬೇಗ ಹಿಡಿಯುವುದಿಲ್ಲ. ಕತ್ತಲ ಕೋಣೆಗೆ ಬೆಳಕು ಕೊಡುತ್ತದೆ. ಅಂದವೂ ಆರೋಗ್ಯವೂ ಒಂದೇ ಬಕೆಟ್ಟಿನಲ್ಲಿ.

ವಾಸ್ತುಶಿಲ್ಪಿ ಲಾರಿ ಬೇಕರ್ ಬಗ್ಗೆ ಓದಿದ ಮೇಲೆ ಈ ಯೋಚನೆ ಇನ್ನಷ್ಟು ಗಟ್ಟಿಯಾಯಿತು. 1917ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಕೇರಳದಲ್ಲಿ ನೆಲೆಸಿ, 2007ರಲ್ಲಿ ತೀರಿಕೊಂಡ ಅವರು ಕಡಿಮೆ ಖರ್ಚಿನ ಚೆಂದದ ಮನೆಗಳಿಗೆ ಹೆಸರಾದವರು. ಮನೆಗೆ ಬೇಕಾದ ಸಾಮಗ್ರಿ ಐದು ಮೈಲಿಯ ಒಳಗೇ ಸಿಗಬೇಕು ಎಂಬ ಗಾಂಧೀಜಿಯ ಮಾತನ್ನು ಅವರು ಸದಾ ನೆನೆಯುತ್ತಿದ್ದರು. ಗಿಲಾವು ಮಾಡದ ಇಟ್ಟಿಗೆ, ಬೆಳಕು ಸೋಸಿ ಬಿಡುವ ಜಾಲಿ ಗೋಡೆ, ಇವೇ ಅವರ ಅಲಂಕಾರ. ಬಾಡಿಗೆದಾರ ಗೋಡೆ ಕಟ್ಟಲಾರ, ನಿಜ. ಆದರೆ ‘ಐದು ಮೈಲಿಯ ಒಳಗೆ’ ಎಂಬ ಸೂತ್ರವನ್ನು ನಮ್ಮ ಮಟ್ಟಕ್ಕೆ ಇಳಿಸಿಕೊಳ್ಳಬಹುದು. ಮೊದಲು ನಮ್ಮ ಟ್ರಂಕು, ಆಮೇಲೆ ನಮ್ಮ ಬೀದಿ, ಕೊನೆಗೆ ಅಂಗಡಿ.

1,540 ರೂಪಾಯಿಯ ಲೆಕ್ಕ

ಹೋದ ವರ್ಷ ದಸರಾ ರಜೆಯಲ್ಲಿ ನಾನು, ಅವ್ವ, ತಂಗಿ ಸೇರಿ ಈ ಸೂತ್ರವನ್ನು ಪ್ರಯೋಗ ಮಾಡಿದೆವು. ಮನೆಪಾಠ ಹೇಳಿ ನಾನು ಉಳಿಸಿದ್ದ ದುಡ್ಡು. ಲೆಕ್ಕ ಬರೆದಿಟ್ಟಿದ್ದೇನೆ.

ಮೊದಲ ಖರ್ಚು ಮೂರು ಎಲ್‌ಇಡಿ ಬಲ್ಬು, 300 ರೂಪಾಯಿ. ಬಲ್ಬಿನ ಡಬ್ಬಿಯ ಮೇಲೆ 6500ಕೆ ಎಂದಿದ್ದರೆ ಅದು ಆಸ್ಪತ್ರೆಯಂಥ ಬಿಳಿ ಬೆಳಕು. 2700 ಅಥವಾ 3000ಕೆ ಎಂದಿದ್ದರೆ ದೀಪದಂಥ ಹಳದಿ ಬೆಳಕು. ಓದುವ ಮೇಜಿಗೆ ಬಿಳಿಯದ್ದು ಇರಲಿ. ಹಾಲ್‌ನ ಮೂಲೆಗೆ, ಊಟದ ಜಾಗಕ್ಕೆ ಹಳದಿಯದ್ದು ಹಾಕಿ ನೋಡಿ. ಅದೇ ಗೋಡೆ, ಅದೇ ಕುರ್ಚಿ, ಆದರೆ ಕೂತವರ ಮುಖ ಬೇರೆಯಾಗಿ ಕಾಣುತ್ತದೆ. ಇಷ್ಟು ಕಡಿಮೆ ದುಡ್ಡಿನಲ್ಲಿ ಇಷ್ಟು ದೊಡ್ಡ ಬದಲಾವಣೆ ಬೇರೆ ಯಾವುದರಿಂದಲೂ ಆಗಲಿಲ್ಲ.

ಎರಡನೆಯದು, ನನ್ನ ಕತ್ತಲ ಕೋಣೆಯ ಒಂದೇ ಒಂದು ಗೋಡೆಗೆ ತಿಳಿ ಹಳದಿ ಡಿಸ್ಟೆಂಪರ್. ಓನರನ್ನು ಮೊದಲೇ ಕೇಳಿದೆವು. ಸಣ್ಣ ಡಬ್ಬಿಗೆ 420, ಬ್ರಷ್ಷಿಗೆ 80. ಕಿಟಕಿಯ ಎದುರು ಗೋಡೆಗೆ ತಿಳಿ ಬಣ್ಣ ಬಳಿದರೆ ಬಂದ ಅಷ್ಟಿಷ್ಟು ಬೆಳಕೂ ಒಳಗೆ ಹರಡುತ್ತದೆ. ಅದೇ ಗೋಡೆಗೆ ಒಂದು ಹಳೆಯ ಕನ್ನಡಿ ಆನಿಸಿಟ್ಟೆವು. ಕೆ.ಆರ್. ಮಾರುಕಟ್ಟೆ ಸಮೀಪದ ಭಾನುವಾರದ ಸಂತೆಯಲ್ಲಿ ಚೌಕಾಸಿ ಮಾಡಿ 250ಕ್ಕೆ ತಂದದ್ದು. ಮಧ್ಯಾಹ್ನದ ತನಕ ಈಗ ಲೈಟು ಬೇಕಾಗುವುದಿಲ್ಲ.

ಹಗ್ಗ ಮತ್ತು ಬಟ್ಟೆ ಕ್ಲಿಪ್ಪುಗಳಿಗೆ 60. ಕಿಟಕಿಯ ಸರಳಿನಿಂದ ಪರದೆಯ ಕಂಬಿಗೆ ಹಗ್ಗ ಕಟ್ಟಿ, ಊರಿನ ಹಳೆಯ ಫೋಟೊಗಳನ್ನು ಕ್ಲಿಪ್ಪಿನಲ್ಲಿ ನೇತುಹಾಕಿದೆವು. ಒಂದು ಮೊಳೆಯೂ ಬೇಕಾಗಲಿಲ್ಲ. ಇಳಕಲ್ ಸೀರೆಯನ್ನು ಪರದೆ ಮಾಡಲು, ಖಣದ ಬಟ್ಟೆಯಲ್ಲಿ ನಾಲ್ಕು ದಿಂಬಿನ ಚೀಲ ಹೊಲಿಯಲು ನಮ್ಮ ಬೀದಿಯ ಟೇಲರ್ ಅಕ್ಕ ತೆಗೆದುಕೊಂಡದ್ದು 280. ಕೌದಿಗೆ ಖರ್ಚೇ ಇಲ್ಲ. ಒಂದನ್ನು ದಿವಾನದ ಮೇಲೆ ಹಾಸಿದೆವು, ಇನ್ನೊಂದನ್ನು ಮಡಚಿ ಅದರ ಕಾಲ ಬಳಿ ಇಟ್ಟೆವು.

ಇನ್ನು ಗಿಡಗಳು. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದ ಮೇಸ್ತ್ರಿ ಐದು ಖಾಲಿ ಪೇಂಟ್ ಬಕೆಟ್ ಕೊಟ್ಟರು. ತಳಕ್ಕೆ ತೂತು ಹಾಕಿ ಮಣ್ಣು, ಗೊಬ್ಬರ ತುಂಬಲು 150 ಖರ್ಚಾಯಿತು. ದಾಸವಾಳ, ದೊಡ್ಡಪತ್ರೆ, ಮನಿ ಪ್ಲಾಂಟ್ ಇವನ್ನು ಯಾರೂ ಕೊಳ್ಳಬೇಕಾಗಿಲ್ಲ. ಒಂದು ಟೊಂಗೆ ಕೇಳಿದರೆ ಸಾಕು. ಒಂದು ಎಚ್ಚರ: ಬಾಟಲಿಯಲ್ಲಿ ಮನಿ ಪ್ಲಾಂಟ್ ಇಟ್ಟರೆ ಅದರ ನೀರನ್ನು ವಾರದೊಳಗೆ ಬದಲಿಸಲೇಬೇಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲೇ.

ಒಟ್ಟು 1,540 ರೂಪಾಯಿ.

ಅಪ್ಪ ಈ ಲೆಕ್ಕ ನೋಡಿ ‘ಹನಿ ಹನಿ ಕೂಡಿದ್ರ ಹಳ್ಳ. ಹಿಂಗ ಖರ್ಚ್ ಮಾಡಿದ್ರ ಸೈಟ್ ಯಾವಾಗ ತಗೊಳ್ಳೂದು?’ ಎಂದರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ದಿನಕ್ಕೆ ಎರಡು ಪಾಳಿ ದುಡಿದ ದಿನಗಳಿವೆ ಅವರಿಗೆ. ಆದರೆ ನಾನೂ ಲೆಕ್ಕದಲ್ಲೇ ಉತ್ತರ ಕೊಟ್ಟೆ. ಮೂವತ್ತು–ನಲವತ್ತು ಎಂದರೆ 1,200 ಚದರ ಅಡಿ. ಚದರ ಅಡಿಗೆ 5,000 ಎಂದೇ ಹಿಡಿದರೂ 60 ಲಕ್ಷ. 1,540 ರೂಪಾಯಿಗೆ ಅದರಲ್ಲಿ ಸಿಗುವ ನೆಲ ಎ4 ಹಾಳೆಯ ಅರ್ಧದಷ್ಟೂ ಇಲ್ಲ. ಈ ದುಡ್ಡು ಉಳಿಸಿದರೆ ನಾವು ಸೈಟಿಗೆ ಅರ್ಧ ಹಾಳೆಯಷ್ಟು ಹತ್ತಿರವಾಗುತ್ತೇವೆ. ಖರ್ಚು ಮಾಡಿದರೆ ಇಡೀ ಮನೆ ಇವತ್ತೇ ನಮ್ಮದಾಗುತ್ತದೆ. ಅಪ್ಪ ಏನೂ ಹೇಳಲಿಲ್ಲ. ಆದರೆ ರಾತ್ರಿ ಊಟ ಮಾಡುವಾಗ ತಾವೇ ಎದ್ದು ಟ್ಯೂಬ್‌ಲೈಟ್ ಆರಿಸಿ ಹಳದಿ ದೀಪ ಹಾಕಿದರು.

ಹನಿ ಹನಿ ಕೂಡಿ ಹಳ್ಳವಾಗುವ ಅವರ ಭಯಕ್ಕೂ ಒಂದು ದಾರಿ ಮಾಡಿಕೊಂಡಿದ್ದೇವೆ. ಹಬ್ಬಕ್ಕೊಂದು ವಸ್ತು, ಅಷ್ಟೇ. ಯುಗಾದಿಗೆ ಒಂದು, ಗೌರಿ ಗಣೇಶನಿಗೆ ಒಂದು, ದೀಪಾವಳಿಗೆ ಒಂದು. ಅದೂ ಮುಂದಿನ ಮನೆಗೆ ಎತ್ತಿಕೊಂಡು ಹೋಗುವಂಥದ್ದೇ ಆಗಿರಬೇಕು.

ಬೀದಿಗೆ ಬಂದ ಅಂದ

ನಾನು ಎಣಿಸದೇ ಇದ್ದ ಲಾಭವೊಂದು ಆಮೇಲೆ ಸಿಕ್ಕಿತು. ಗಿಡದ ಟೊಂಗೆ ಕೇಳಲು ಹೋದಾಗಲೇ ಎದುರು ಮನೆಯ ಮಂಡ್ಯದ ಆಂಟಿಯ ಜೊತೆ ಅವ್ವ ಮೊದಲ ಬಾರಿಗೆ ಕೂತು ಮಾತನಾಡಿದ್ದು. ಎರಡು ವರ್ಷದಿಂದ ಎದುರುಬದುರು ಇದ್ದೆವು! ಅವರು ದಾಸವಾಳದ ಕಡ್ಡಿ ಕೊಟ್ಟರು, ಅವ್ವ ಶೇಂಗಾ ಹೋಳಿಗೆ ಕಳಿಸಿದಳು. ಆಂಟಿ ‘ನಿಮ್ಮ ಕಡೆ ಹೋಳಿಗೆ ಇಷ್ಟು ತೆಳ್ಳಗೆ ಹೆಂಗ್ರೀ ತಟ್ಟೋದು?’ ಎಂದು ಕಲಿಯಲು ಬಂದರು.

ಮೂರನೇ ಮನೆಯಲ್ಲಿ ಮೈಸೂರಿನ ಅಜ್ಜಿಯೊಬ್ಬರಿದ್ದಾರೆ. ಅವರೂ ಬಾಡಿಗೆಯವರೇ. ದಸರೆಗೆ ಗೊಂಬೆ ಕೂರಿಸುತ್ತಾರೆ. ಮೆಟ್ಟಿಲಿಗೆ ಬೇಕಾದ ಹಲಗೆ ಸಾಲದೆ ಆ ವರ್ಷ ನಮ್ಮ ಮನೆಯ ಟ್ರಂಕು, ಆಂಟಿಯ ಮನೆಯ ಟೀಪಾಯಿ ಎಲ್ಲ ಹೋಯಿತು. ಮೇಲೆ ಬಿಳಿ ಪಂಚೆ ಹಾಸಿದ ಮೇಲೆ ಯಾವುದು ಯಾರದ್ದು ಎಂದು ಗೊತ್ತಾಗಲಿಲ್ಲ. ಅವರ ಗೊಂಬೆಗಳಲ್ಲಿ ಚನ್ನಪಟ್ಟಣದವು ಹೆಚ್ಚು. ನಮ್ಮ ಇದೇ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ಊರು. ಹಾಲೆ ಮರ ಕಡೆದು ಅರಗಿನ ಬಣ್ಣ ಹಾಕಿದ ಆ ಗೊಂಬೆಗಳಲ್ಲಿ ಸಣ್ಣವು ಕೈಗೆಟಕುವ ಬೆಲೆಗೇ ಸಿಗುತ್ತವೆ. ನಮ್ಮ ಹಾಲ್‌ನ ಕಿಟಕಿಯಲ್ಲೂ ಈಗ ಎರಡಿವೆ.

ನಗರದ ಅಂಚಿನ ಬಡಾವಣೆಗಳಲ್ಲಿ ನೆರೆಹೊರೆ ಎಂಬುದೇ ಇಲ್ಲ ಎಂಬ ದೂರು ಕೇಳುತ್ತೇವೆ. ಬಾಗಿಲು ಹಾಕಿಕೊಂಡ ಮನೆಗಳು, ಗೇಟಿನ ಮುಂದೆ ಬೈಕುಗಳು, ಯಾರಿಗೂ ಯಾರ ಹೆಸರೂ ಗೊತ್ತಿಲ್ಲ. ಯಾಕೆ ಹೀಗೆ? ನನಗೆ ತೋಚಿದ ಉತ್ತರ ಇದು. ‘ನಾವು ಇಲ್ಲಿಯವರಲ್ಲ, ಇವತ್ತಲ್ಲ ನಾಳೆ ಹೋಗುವವರು’ ಎಂದುಕೊಂಡವನು ಮನೆಯ ಒಳಗೂ ಬೇರು ಬಿಡುವುದಿಲ್ಲ, ಬೀದಿಯಲ್ಲೂ ಬಿಡುವುದಿಲ್ಲ. ಬಾಗಿಲ ಮುಂದೆ ರಂಗೋಲಿ ಹಾಕುವವಳು ಅಲ್ಲಿನ ಕಸವನ್ನೂ ಗುಡಿಸುತ್ತಾಳೆ. ಗಿಡ ಇಟ್ಟವನು ಗೇಟಿನ ಆಚೆ ನಿಂತು ಎರಡು ಮಾತಾಡುತ್ತಾನೆ. ನಮ್ಮ ಬೀದಿಯ ತಿರುವಿನಲ್ಲಿ ಕಸ ಸುರಿಯುತ್ತಿದ್ದ ಜಾಗವೊಂದಿತ್ತು. ಅಲ್ಲಿಗೆ ಮೂರು ಬಕೆಟ್ ಕಣಗಿಲೆ, ತುಂಬೆ ಗಿಡ ಇಟ್ಟು, ದಿನ ಬೆಳಿಗ್ಗೆ ಒಬ್ಬೊಬ್ಬರಾಗಿ ನೀರು ಹಾಕತೊಡಗಿದ ಮೇಲೆ ಕಸ ಕಡಿಮೆಯಾಗಿದೆ. ಪೂರ್ತಿ ನಿಂತಿಲ್ಲ. ಆದರೆ ಸುರಿಯಲು ಬಂದವರಿಗೆ ಈಗ ಮುಜುಗರವಂತೂ ಆಗುತ್ತದೆ.

ಓನರ್ ಅಂಕಲ್‌ಗಳಿಗೆ ಒಂದು ಮಾತು

ಈ ಕಥೆಯಲ್ಲಿ ಇನ್ನೊಂದು ಕಡೆಯವರಿದ್ದಾರೆ. ಬಾಡಿಗೆದಾರರು ಮನೆಯನ್ನು ಮನೆ ಮಾಡಿಕೊಳ್ಳದಿರಲು ಅವರ ಭಯವೂ ಕಾರಣ. ‘ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಕುಂಡ ಇಡುವಂತಿಲ್ಲ, ಸ್ಟಿಕರ್ ಅಂಟಿಸುವಂತಿಲ್ಲ.’ ಹಿಂದಿನ ಒಂದು ಮನೆಯಲ್ಲಿ ನಾವು ಖಾಲಿ ಮಾಡುವಾಗ ಆರು ಮೊಳೆಯ ಗುರುತು ತೋರಿಸಿ, ಪೇಂಟಿಂಗ್ ಖರ್ಚು ಎಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ಆ ಆರರಲ್ಲಿ ನಾಲ್ಕು ನಮಗಿಂತ ಮುಂಚೆಯೇ ಇದ್ದವು. ತೋರಿಸಲು ನಮ್ಮ ಬಳಿ ಫೋಟೊ ಇರಲಿಲ್ಲ.

ಓನರುಗಳ ಕಷ್ಟವೂ ನನಗೆ ಅರ್ಥವಾಗುತ್ತದೆ. ಅವರಲ್ಲಿ ಎಷ್ಟೋ ಜನ ಜೀವಮಾನದ ದುಡಿಮೆ ಹಾಕಿ, ಸಾಲ ಮಾಡಿ ಕಟ್ಟಿದವರು. ಒಳಗೋಡೆಗಳು ನಾಲ್ಕಿಂಚಿನವು. ಅಡ್ಡಾದಿಡ್ಡಿ ಡ್ರಿಲ್ ಮಾಡಿದರೆ ಗಿಲಾವು ಉದುರುತ್ತದೆ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ವೈರಿನ ಪೈಪು ಹೋಗಿರುತ್ತದೆ, ಅಲ್ಲಿ ತೂತು ಹಾಕಿದರೆ ಜೀವಕ್ಕೇ ಅಪಾಯ. ಹಾಗಾಗಿ ‘ಎಲ್ಲಿ ಬೇಕಾದರೂ ಹೊಡೆಯುತ್ತೇವೆ’ ಎಂದು ನಾವೂ ಹಟ ಹಿಡಿಯಬಾರದು. ಬಾಡಿಗೆದಾರರು ಮೊಳೆಯ ಬದಲು ಬಳಸುವ ಅಂಟಿನ ವಾಲ್‌ಪೇಪರ್ ಕೂಡ ಒಳ್ಳೆಯದಲ್ಲ. ಕೀಳುವಾಗ ಬಣ್ಣವನ್ನೂ ಎಬ್ಬಿಸಿಕೊಂಡು ಬರುತ್ತದೆ. ತೇವವಿದ್ದ ಗೋಡೆಗೆ ಅಂಟಿಸಿದರೆ ಒಳಗೊಳಗೇ ಬೂಸ್ಟು ಬೆಳೆಯುತ್ತದೆ.

ಇದಕ್ಕೆ ಪರಿಹಾರ ಸುಲಭ. ಕರಾರು ಪತ್ರದಲ್ಲಿ ಎರಡು ಸಾಲು ಸೇರಿಸಿದರೆ ಸಾಕು: ‘ಹಾಲ್‌ನಲ್ಲಿ ಎರಡು, ಕೋಣೆಗೆ ಒಂದರಂತೆ ಮೊಳೆಗೆ ಅವಕಾಶವಿದೆ. ಖಾಲಿ ಮಾಡುವಾಗ ಬಾಡಿಗೆದಾರರೇ ಪುಟ್ಟಿ ತುಂಬಿ ಮುಚ್ಚತಕ್ಕದ್ದು.’ ಪುಟ್ಟಿಯ ಸಣ್ಣ ಪೊಟ್ಟಣಕ್ಕೆ ಎಷ್ಟು ಮಹಾ ಖರ್ಚು? ಜೊತೆಗೆ, ಬೀಗದ ಕೈ ತೆಗೆದುಕೊಂಡ ದಿನವೇ ಪ್ರತಿ ಗೋಡೆಯ ಫೋಟೊ ತೆಗೆದು ಓನರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಬಿಡಿ. ಈಗಿನ ಮನೆಗೆ ಬಂದಾಗ ನಾವು ಹಾಗೇ ಮಾಡಿದೆವು. ಓನರ್ ಅಂಕಲ್ ಬೇಸರ ಮಾಡಿಕೊಳ್ಳಲಿಲ್ಲ, ‘ಒಳ್ಳೇದಾಯ್ತು ಬಿಡಪ್ಪ, ನನಗೂ ನೆನಪಿರುತ್ತೆ’ ಎಂದರು.

2021ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ ಎಂದಿದೆ. ಅದು ಮಾದರಿ ಮಾತ್ರ, ರಾಜ್ಯಗಳು ತಮ್ಮದಾಗಿಸಿಕೊಂಡರಷ್ಟೇ ಜಾರಿಗೆ ಬರುತ್ತದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ರೂಢಿಯೇ ಇತ್ತು, ಈಗಲೂ ಎಷ್ಟೋ ಕಡೆ ಐದಾರು ತಿಂಗಳದ್ದು ಕೇಳುತ್ತಾರೆ. ಅಷ್ಟು ದುಡ್ಡು ಕೈಯಲ್ಲಿಟ್ಟುಕೊಂಡ ಮೇಲೂ ನಾಲ್ಕು ಮೊಳೆಗೆ ಹೆದರಬೇಕೇ? ಚೆಂದವಾಗಿ ಇಟ್ಟುಕೊಂಡ ಮನೆಯನ್ನು ಬಾಡಿಗೆದಾರ ಬೇಗ ಬಿಡುವುದಿಲ್ಲ, ಹಾಳೂ ಮಾಡುವುದಿಲ್ಲ. ಓನರುಗಳಿಗೂ ಇದರಲ್ಲಿ ಲಾಭವೇ ಇದೆ.

ರೀಲ್ಸ್ ನೋಡಿ ಮನೆ ಕಟ್ಟಬೇಡಿ

ಕೊನೆಯದಾಗಿ ನನ್ನ ವಯಸ್ಸಿನವರಿಗೆ ಒಂದು ಮಾತು. ಮನೆಯ ಅಂದ ಎಂದ ಕೂಡಲೇ ನಮ್ಮ ಬೆರಳು ಫೋನಿಗೆ ಹೋಗುತ್ತದೆ. ‘999ರೊಳಗೆ ನಿಮ್ಮ ರೂಮ್ ಮೇಕ್‌ಓವರ್’ ಎಂಬ ರೀಲ್ಸ್ ಸಾಲುಗಟ್ಟಿ ಬರುತ್ತವೆ. ಪ್ಲಾಸ್ಟಿಕ್ ಬಳ್ಳಿ, ಮಿಣುಕು ದೀಪದ ಸರ, ಇಂಗ್ಲಿಷ್ ಮಾತು ಬರೆದ ಫ್ರೇಮು. ಎಲ್ಲರ ಕೋಣೆಯೂ ಒಂದೇ ಕೋಣೆ. ಮೂರು ತಿಂಗಳಿಗೆ ಬಳ್ಳಿಯ ಮೇಲೆ ದೂಳು, ದೀಪದ ಸರ ಕಸದ ಬುಟ್ಟಿಗೆ, ಮತ್ತೆ ಹೊಸ ರೀಲ್ಸ್. ಇದನ್ನು ನಾನು ಕಡಿಮೆ ಖರ್ಚಿನ ಅಲಂಕಾರ ಎನ್ನುವುದಿಲ್ಲ. ಅಗ್ಗವಾಗಿ ಮೂರು ಸಲ ಕೊಳ್ಳುವುದು ದುಬಾರಿಯೇ.

ನಿಮ್ಮ ಮನೆಯಲ್ಲೂ ಒಂದು ಟ್ರಂಕು ಇದ್ದೇ ಇರುತ್ತದೆ. ಕೌದಿ ಇಲ್ಲದಿದ್ದರೆ ಅಜ್ಜಿಯ ಹಿತ್ತಾಳೆ ಚೊಂಬು ಇರಬಹುದು, ತಾತನ ಕೈಗಡಿಯಾರ ಇರಬಹುದು, ಅಮ್ಮ ಮದುವೆಗೆ ಮುಂಚೆ ಹಾಕಿದ ಕ್ರೋಶಾ ತೋರಣ ಇರಬಹುದು. ಅಮ್ಮನನ್ನು ಕೇಳಿ ಅದನ್ನು ತೆಗೆಸಿ. ಅದರ ಕಥೆ ಕೇಳಿ. ಆಮೇಲೆ ಹಾಲ್‌ನಲ್ಲಿ ಅದಕ್ಕೊಂದು ಜಾಗ ಮಾಡಿ, ಮೇಲೆ ಒಂದು ಹಳದಿ ಬಲ್ಬು ಹಾಕಿ. ಅಲ್ಲಿಗೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧಕ್ಕೆ ಎದುರು ಮನೆಯ ಬಾಗಿಲು ತಟ್ಟಿ ಒಂದು ಗಿಡದ ಟೊಂಗೆ ಕೇಳಿ.

ಸೈಟಿಗೆ ದುಡ್ಡು ಕೂಡಿಡುವುದನ್ನು ಬಿಡಬೇಕಿಲ್ಲ. ಅಪ್ಪನ ಆಸೆ ದೊಡ್ಡದು. ನಾನೂ ದುಡಿಯತೊಡಗಿದ ಮೇಲೆ ಅದಕ್ಕೆ ಹೆಗಲು ಕೊಡುತ್ತೇನೆ. ಆದರೆ ಅಲ್ಲಿಯವರೆಗಿನ ವರ್ಷಗಳೂ ನಮ್ಮ ಆಯುಷ್ಯದ ವರ್ಷಗಳೇ. ತಂಗಿಗೆ ಈಗ ಹದಿನಾಲ್ಕು. ಕಳೆದ ತಿಂಗಳು ಅವಳ ಗೆಳತಿಯರು ಐದು ಮಂದಿ ನಮ್ಮ ಮನೆಗೆ ಓದಲು ಬಂದಿದ್ದರು. ಕೌದಿಯ ಮೇಲೆ ಕೂತು ಗಣಿತ ಮಾಡಿ, ಅವಲಕ್ಕಿ ತಿಂದು, ಗಲಾಟೆ ಮಾಡಿ ಹೋದರು. ಮುಂದಿನ ವಾರ ಮತ್ತೆ ಬರುತ್ತಾರಂತೆ.